ತಪ್ಪು ಕಡೆ ಹಾರಿದ ಕಾಚೊ

ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ ಐಲೆನ್ ಬ್ರಷ್ ಕೆಳಗಿಟ್ಟಳು.

“ಇದಕ್ಕೆ ನಾನು ಇಂಕ್ ಹಾಕಲ್ಲ.”

ಗಸ್ತೋನ್ ತಲೆಯೆತ್ತದೆ, ಚಹಾದ ಹಾಗೆ ಕುಡಿಯುವ ಮಾಟೆ ಸೊಪ್ಪಿಗೆ ಬಿಸಿನೀರು ಸುರಿಯುತ್ತಿದ್ದ. “ಯಾಕೆ, ಚೆನ್ನಾಗಿಲ್ವಾ?”

ಅವನ ಕಣ್ಣ ಕೆಳಗೆ ಕಪ್ಪುಗಟ್ಟಿತ್ತು. ಇವಳ ಸ್ಥಿತಿಯೂ ಬೇರೆಯಿರಲಿಲ್ಲ ಬಿಡಿ. ಇಡೀ ಚಳಿಗಾಲ ಇಬ್ಬರೂ ಹೊಟ್ಟೆಪಾಡಿನ ಕೆಲಸ ಮುಗಿಸಿ, ರೊಸಾರಿಯೊ ನಗರದ ಈ ಬೇಕರಿಯ ಮೇಲಿನ ಗಸ್ತೋನ್‌ನ ಕೋಣೆಯಲ್ಲಿ ಸೇರಿ, ಕಾಮಿಕ್ಸ್ ಪಂದ್ಯಾವಳಿಗೆ ಬರೆಯುತ್ತಿದ್ದರು. ಪೆನ್ಸಿಲ್ ಗೆರೆ ಅವನದು, ಅದರ ಮೇಲೆ ಇಂಕ್ ಇವಳದು.

ಪಂದ್ಯಾವಳಿಯ ನಿಯಮವೋ, ಶುದ್ಧ ಕಿತಾಪತಿ. ಜೋಡಿಯಾಗಿ ಸೆಮಿಫೈನಲ್ ಮುಟ್ಟಿದವರು ಅಲ್ಲಿ ತಮ್ಮಿಬ್ಬರ ಪಾತ್ರಗಳನ್ನೇ ಎದುರುಬದುರು ನಿಲ್ಲಿಸಿ ಒಂದು ಕಥೆ ಬರೆಯಬೇಕು. ಯಾರ ಪಾತ್ರ ಗೆಲ್ಲುತ್ತದೋ ಅವರು ಮಾತ್ರ ಫೈನಲ್‌ಗೆ, ಅದೂ ಒಂಟಿಯಾಗಿ. ಅಲ್ಲಿ ಗೆದ್ದರೆ ಸ್ವಂತ ಪುಸ್ತಕ ಅಚ್ಚಾಗುತ್ತದೆ.

ಐಲೆನ್‌ಳ ಪಾತ್ರ ಇರ್ಮಾ, ಕಾದ ಇಸ್ತ್ರಿಪೆಟ್ಟಿಗೆಯನ್ನೇ ಬೀಸಿ ಎಸೆಯುವ ಹೆಂಗಸು. ಗಸ್ತೋನ್‌ನದು ಕಾಚೊ, ಮಂಡಿ ಸವೆದ ಮುದಿ ಗೋಲ್‌ಕೀಪರ್. ಈಗ ಐಲೆನ್ ಕೈಯಲ್ಲಿದ್ದದ್ದು ಅವರಿಬ್ಬರ ಸೆಮಿಫೈನಲ್ ಕಥೆಯ ಕೊನೇ ಪುಟ.

“ಕಾಚೊ ಎದುರಾಳಿ ಸೊಂಟ ನೋಡಿ ಹಾರ್ತಾನೆ, ನೀನೇ ಹೇಳಿದ್ದು,” ಎಂದಳು ಐಲೆನ್. “ ಇರ್ಮಾ ಎಸೀತಿರೋದು ಈ ಕಡೆ, ಇವನು ಹಾರಿರೋದು ಆ ಕಡೆ. ಯಾರ ಕಿವಿಗೆ ಹೂವಿಡ್ತೀಯೋ?”

“ವಯಸ್ಸಾಯ್ತು ಕಣೇ ಅವನಿಗೆ.”

“ಹೋದ ವಾರ ಆಗಿರ್ಲಿಲ್ವಾ?”

ಗಸ್ತೋನ್ ಕೆಟಲ್ ಕೆಳಗಿಟ್ಟ. “ಹೋದ ವರ್ಷ ಮೊದಲ ಸುತ್ತಲ್ಲೇ ಸೋತು ಎಷ್ಟು ಅತ್ತೆ ಅಂತ ನೋಡಿದೀನಿ ಕಣೇ. ನಾನೇ ನಿನ್ನ ಸೋಲಿಸಿ, ಆಮೇಲೆ ಯಾವ ಮುಖ ಇಟ್ಕೊಂಡು ನಿನಗೆ ಮಾಟೆ ಕೊಡ್ಲಿ?”

ಐಲೆನ್‌ಗೆ ಆ ಪುಸ್ತಕ ಬೇಕಿತ್ತು, ಹಸಿದವಳಿಗೆ ಅನ್ನ ಬೇಕಾದ ಹಾಗೆ. ಆದರೆ ಭಿಕ್ಷೆಯಾಗಿ ಬೇಡ, ಅದೂ ಇವನ ಕೈಯಿಂದ ಬೇಡವೇ ಬೇಡ. ಇನ್ನೊಂದು ಭಯವೂ ಇತ್ತು. ಈ ಪುಟ ಮುಗಿದರೆ ಈ ಮೆಟ್ಟಿಲು ಹತ್ತಿ ಬರಲು ಅವಳಿಗೆ ನೆಪವೇ ಉಳಿಯುತ್ತಿರಲಿಲ್ಲ.

“ನೀನು ಬಿಟ್ಟುಕೊಟ್ಟು ನಾನು ಗೆದ್ರೆ, ಆ ಪುಸ್ತಕ ತೆಗೆದಾಗಲೆಲ್ಲ ಈ ಸುಳ್ಳು ಹಾರಾಟವೇ ಕಾಣುತ್ತೆ. ನಿಜ ಬರಿ. ಕಾಚೊ ಹಿಡಿಯೋನಾದ್ರೆ ಹಿಡೀಲಿ.”

ಗಸ್ತೋನ್ ರಬ್ಬರ್ ಎತ್ತಿಕೊಂಡ. ಹಳೇ ಹಾರಾಟವನ್ನು ಅಳಿಸಿದ.

ಈ ಸಲ ಕಾಚೊ ಸರಿಯಾದ ಕಡೆಗೇ ಹಾರಿದ. ಸುಡುವ ಇಸ್ತ್ರಿಪೆಟ್ಟಿಗೆಯನ್ನು ಎದೆಗವುಚಿಕೊಂಡು ಬಿದ್ದಿದ್ದ. ಗ್ಲೌಸಿನಿಂದ ಹೊಗೆ ಏಳುತ್ತಿದ್ದರೂ ಬಿಟ್ಟಿರಲಿಲ್ಲ. ಇರ್ಮಾ ಬರಿಗೈಯಲ್ಲಿ ನಿಂತಿದ್ದಳು. ಇಡೀ ಚಳಿಗಾಲದಲ್ಲಿ ಗಸ್ತೋನ್ ಇಷ್ಟು ಚೆಂದದ ಚಿತ್ರ ಬರೆದಿರಲಿಲ್ಲ. ಐಲೆನ್ ಬ್ರಷ್ ಅದ್ದಿ, ತನ್ನ ಇರ್ಮಾಳ ಸೋಲಿಗೆ ತಾನೇ ಇಂಕ್ ಹಾಕಿ ಮುಗಿಸಿದಳು.

“ಫೈನಲ್‌ಗೆ ಪೆನ್ಸಿಲ್ಲೂ ನೀನೇ, ಇಂಕೂ ನೀನೇ,” ಎಂದಳು, ಬೆರಳಿನ ಕಪ್ಪು ಒರೆಸಿಕೊಳ್ಳುತ್ತಾ. “ನಾಳೆಯಿಂದ ನನಗಿಲ್ಲಿ ಕೆಲಸ ಇಲ್ಲ.”

“ಕೆಲಸ ಇಲ್ಲದೇ ಬಾ.”

“ಬಂದು ಏನ್ ಮಾಡ್ಲಿ?”

“ನಿದ್ದೆ ಮಾಡು. ಎದ್ದಾಗ ಮಾಟೆ ಕೊಡ್ತೀನಿ.” ಅವನ ಕಿವಿ ಕೆಂಪಾಗಿತ್ತು, ಆದರೆ ಕಣ್ಣು ತಪ್ಪಿಸಲಿಲ್ಲ. “ನಾನು ಪ್ರೀತಿಸ್ತಿರೋದು ನಿನ್ನನ್ನ ಕಣೇ, ನಿನ್ನ ಇಂಕನ್ನಲ್ಲ.”

ಐಲೆನ್ ಇಂಕಿನ ಬಾಟಲಿಯ ಮುಚ್ಚಳ ಬಿಗಿಮಾಡಿದಳು. ಶೂ ಕಳಚಿ, ಮೂಲೆಯ ಹಳೇ ಸೋಫಾದ ಮೇಲೆ ಕಾಲು ಚಾಚಿದಳು.

“ನಾಳೆ ಯಾಕೆ?” ಎಂದಳು. “ಹೊದಿಕೆ ಎಲ್ಲಿಟ್ಟಿದೀಯ?”