ಕಿಟಕಿಯಿಂದ ಬಂದ ಏವಿಸ್

"ಎಕ್ಸ್‌ಕ್ಯೂಸ್ ಮಿ, ಈ ಸೀಟು ಖಾಲೀನಾ?"

ಆ ದನಿ ಕೇಳಿದ್ದೇ ತಡ, ಏವಿಸ್ ಕೈಲಿದ್ದ ಐಸ್‌ಕ್ರೀಮ್ ಕಪ್ಪು ಹಾಗೇ ನಿಂತ್ಬಿಡ್ತು!

ನಲವತ್ತೊಂದು ವರ್ಷ ಆಯ್ತು... ಆದ್ರೂ ಅದೇ ದನಿ!

ಲೆನ್ ಓಲ್ಡ್‌ರಾಯ್ಡ್. ತಲೆ ಪೂರ್ತಿ ಬೋಳು. ಆದ್ರೆ ಕಿವಿ ಮಾತ್ರ ಮೊದಲಿನ ಹಾಗೇ, ಎರಡೂ ಹೊರಗಡೆ ಚಾಚ್ಕೊಂಡು.

"ಖಾಲಿ ಇಲ್ಲ," ಅಂದ್ಳು ಏವಿಸ್.

"ಯಾರು ಬರ್ತಾರೆ?"

"ನನ್ನ ಕೋಟು."

ಲೆನ್ ಕೋಟು ಎತ್ತಿ ತೊಡೆ ಮೇಲಿಟ್ಕೊಂಡು ಕೂತೇಬಿಟ್ಟ. ಎಷ್ಟು ಧೈರ್ಯ ನೋಡಿ!

ಲೀಡ್ಸ್‌ನ ಆ ಪುಟ್ಟ ಥಿಯೇಟರ್‌ನಲ್ಲಿ ಶನಿವಾರ ಮಧ್ಯಾಹ್ನ ಜನವೋ ಜನ. 'ಮಿಸೆಸ್ ಟಟಲ್ ಮನೆ ಬಾಡಿಗೆದಾರರು' ಅನ್ನೋ ಹಳೇ ಕಪ್ಪು-ಬಿಳುಪು ಟಿವಿ ಕಾಮಿಡಿಯ ಕಳೆದುಹೋಗಿದ್ದ ಒಂದು ಎಪಿಸೋಡು ಸಿಕ್ಕಿದೆಯಂತೆ!

ಏವಿಸ್‌ಗೆ ಅದು ಬರೀ ಎಪಿಸೋಡಲ್ಲ.

1963ರಲ್ಲಿ ಅವಳು ಆ ಕಾಮಿಡಿ ತೆಗೀತಿದ್ದ ಸ್ಟುಡಿಯೋದಲ್ಲಿ ನಟಿಯರ ಬಟ್ಟೆಗೆ ಇಸ್ತ್ರಿ ಹಾಕ್ತಿದ್ದ ಹುಡುಗಿ. ಒಂದಿನ ಪಕ್ಕದ್ಮನೆಯವಳ ಪಾತ್ರ ಮಾಡೋ ನಟಿ ಹುಷಾರಿಲ್ಲದೆ ಮಲಗಿದ್ಲು. "ನೀನೇ ಹೋಗೇ!" ಅಂತ ಇವಳನ್ನ ತಳ್ಳಿದ್ರು. ಏವಿಸ್ ನಟಿಸಿದ ಆ ಎಪಿಸೋಡು ಟಿವಿಯಲ್ಲೂ ಬಂತು. ಆದ್ರೆ ಆ ಸಂಜೆ ಅವಳು ಸ್ಟುಡಿಯೋದಲ್ಲಿ ಮುಂದಿನ ಶೋಗೆ ಬಟನ್ ಹೊಲೀತಾ ಕೂತಿದ್ಲು. ತನ್ನನ್ನ ತಾನು ನೋಡ್ಲೇ ಇಲ್ಲ!

ಆಮೇಲೆ ಲಂಡನ್ನಿಂದ ಒಂದು ಪತ್ರ. 'ನಿಮ್ಮ ನಟನೆ ಇರೋ ಟೇಪು ತೋರಿಸಿ, ಕೆಲಸ ಕೊಡ್ತೀವಿ.'

ಟೇಪ್ ರೂಮಿನಲ್ಲಿದ್ದವನು ಲೆನ್. ಅವಳ ಲೆನ್. "ಹೋಗ್ಬೇಡ ಕಣೇ," ಅಂತ ಭಾನುವಾರ ಜಗಳ ಆಡಿದ್ದ.

ಮಂಗಳವಾರ ಅವಳು ಹೋದಾಗ ಟೇಪು ಅಳಿಸಿಹೋಗಿತ್ತು. ಅಳಿಸಿದ್ದಕ್ಕೆ ಬರೆದ ಚೀಟಿ ಮೇಲೆ ಲೆನ್‌ನದೇ ಸಹಿ!

'ಬೇಕಂತಲೇ ಅಳಿಸಿದ...' ಅವನು ತೊಡಿಸಿದ್ದ ಉಂಗುರ ಬಿಚ್ಚಿ ಅವನ ಮೇಜಿನ ಮೇಲೆ ಎಸೆದು ಬಂದಿದ್ಲು. ಲಂಡನ್ನೂ ಹೋಯ್ತು, ಲೆನ್ನೂ ಹೋದ.

ದೀಪ ಆರಿತು.

ಪರದೆ ಮೇಲೆ ಮಿಸೆಸ್ ಟಟಲ್ ಅಡುಗೆಮನೆ. ಬಾಗಿಲು ತಟ್ಟೋ ಸದ್ದು. ಬಾಗಿಲು ತೆಗೀತಿಲ್ಲ! ಸೆಟ್ಟಿನ ಬಾಗಿಲು ನಿಜವಾಗ್ಲೂ ಸಿಕ್ಕಾಕ್ಕೊಂಡಿತ್ತು. ಎರಡು ಸೆಕೆಂಡು... ಮೂರು ಸೆಕೆಂಡು...

ಆಗ ಕಿಟಕಿ ತೆರೀತು. ಒಂದು ಕೈಯಲ್ಲಿ ಮೀನಿನ ಪೈ ಹಿಡ್ಕೊಂಡು, ಒಂದು ಕಾಲು ಸಿಂಕ್ ಒಳಗಿಟ್ಟು, ಒಬ್ಬ ಹುಡುಗಿ ಒಳಗೆ ಇಳಿದ್ಲು.

"ನಿಮ್ಮ ಬಾಗಿಲಿಗಿಂತ ನಿಮ್ಮ ಕಿಟಕೀಗೇ ಮರ್ಯಾದೆ ಜಾಸ್ತಿ, ಮಿಸೆಸ್ ಟಟಲ್!"

ಥಿಯೇಟರ್ ಇಡೀ ಬಿದ್ದು ಬಿದ್ದು ನಕ್ತು!

'ಅಯ್ಯೋ... ಅದು ನಾನಾ? ಇಷ್ಟು ಬೆಳಕಿತ್ತಾ ನನ್ನ ಮುಖದಲ್ಲಿ?' ಅರವತ್ತೆರಡರ ಹೆಂಗಸು ಇಪ್ಪತ್ತೊಂದರ ಹುಡುಗಿಯನ್ನ ದೇವರನ್ನ ನೋಡೋ ಹಾಗೆ ನೋಡಿದ್ಲು. ರೆಪ್ಪೆ ಮುಚ್ಚಿದ್ರೆ ಎಲ್ಲಿ ಮಾಯ ಆಗ್ತಾಳೋ ಅನ್ನೋ ಭಯ.

ಪಕ್ಕದಲ್ಲಿ ಲೆನ್ ಪರದೆ ನೋಡ್ತಾನೇ ಇರ್ಲಿಲ್ಲ. ಇವಳನ್ನೇ ನೋಡ್ತಿದ್ದ.

ದೀಪ ಹತ್ತಿತು. ಜನ ಎದ್ರು. ಅವರಿಬ್ಬರೂ ಏಳ್ಲಿಲ್ಲ.

"ಅಳಿಸಿದ್ದು ನಾನೇ, ಏವಿಸ್. ಸುಳ್ಳು ಹೇಳಲ್ಲ."

"ಗೊತ್ತು."

"ಆದ್ರೆ ನಂಗೆ ಗೊತ್ತಿರ್ಲಿಲ್ಲ! ಸೋಮವಾರ ಬಂದ ಪಟ್ಟೀಲಿ ಬರೀ ನಂಬರು. ನಲವತ್ತು ಟೇಪು. ಅಳಿಸಿ, ಮೇಲೆ ಕುದುರೆ ರೇಸು ರೆಕಾರ್ಡ್ ಮಾಡ್ಬೇಕಿತ್ತು. ಹೆಸರು ನೋಡ್ದೆ ಅಳಿಸ್ಬಿಟ್ಟೆ. ನೀನು ಬಂದು ಕೇಳಿದಾಗ್ಲೇ ನಂಗೂ ಗೊತ್ತಾಗಿದ್ದು."

"ಮತ್ಯಾಕೆ ಬಾಯಿ ಬಿಡ್ಲಿಲ್ಲ ನೀನು?!"

"ಏನಂತ ಬಿಡ್ಲಿ? ಸಹಿ ನಂದೇ ಅಲ್ವಾ..." ಅಂದ ಲೆನ್. "ಹೊರದೇಶಕ್ಕೆ ಮಾರೋಕೆ ಫಿಲ್ಮ್ ಕಾಪಿ ಮಾಡಿ ಕಳಿಸ್ತಿದ್ರು, ನೆನಪಿದೆಯಾ? ಒಂದು ದೇಶ ತೋರಿಸಿ ಇನ್ನೊಂದಕ್ಕೆ ದಾಟಿಸ್ತಿತ್ತು. ಎಲ್ಲೋ ಒಂದು ಉಳಿದಿರುತ್ತೆ ಅಂತ ಎಲ್ಲಾ ಕಡೆ ಪತ್ರ ಬರೆದೆ. ನೈರೋಬಿ, ಹಾಂಗ್‌ಕಾಂಗ್, ಮಾಲ್ಟಾ... ಕಡೆಗೆ ನ್ಯೂಜಿಲೆಂಡಿನ ಒಂದು ಚರ್ಚ್ ಕಪಾಟಿನಲ್ಲಿ ಸಿಕ್ತು."

ಏವಿಸ್ ಅವನ ಮುಖಾನೇ ನೋಡಿದ್ಲು. 'ಇದನ್ನ ಹುಡುಕಿದ್ದು... ಇವನಾ?!'

"ಎಷ್ಟು ವರ್ಷ ಬರೆದೆ?"

"ಮೊನ್ನೆ ಮೊನ್ನೆವರ್ಗೂ. ಹೆಂಡತಿ ಬಿಟ್ಟೋದ್ಲು. ಮನೇಲಿ ಬ್ರೆಡ್ಡಿಗಿಂತ ಸ್ಟಾಂಪೇ ಜಾಸ್ತಿ ಅಂತ."

ಏವಿಸ್‌ಗೆ ನಗೂ ಬಂತು, ಅಳೂ ಬಂತು. ಅವಳ ಗಂಡ ತೀರಿಹೋಗಿ ಆರು ವರ್ಷ ಆಗಿತ್ತು. ಒಳ್ಳೆಯವನು. ಆದ್ರೆ ಅವಳಿಗೋಸ್ಕರ ಯಾರೂ ಹೀಗೆ ಲೋಕಾನೇ ತಡಕಾಡಿರ್ಲಿಲ್ಲ...

"ಲೋಕಕ್ಕೆಲ್ಲಾ ಪತ್ರ ಬರೆದೆ. ನಂಗೊಂದು ಬರೀಬೇಕು ಅನ್ನಿಸ್ಲಿಲ್ವೇನೋ ದಡ್ಡ?"

"ಬರಿಗೈಯಲ್ಲಿ ಹೇಗೆ ಬರೀಲಿ, ಏವಿಸ್?"

"ಬರಿಗೈ ಸಾಕಿತ್ತು ಕಣೋ..." ಅವನ ಸುಕ್ಕುಗಟ್ಟಿದ ಬೆರಳುಗಳನ್ನ ತನ್ನ ಬೆರಳೊಳಗೆ ಹೆಣೆದ್ಲು. "ಇದಿಷ್ಟೇ ಬೇಕಿತ್ತು ನಂಗೆ."

"ಈಗ?" ಅವನು ಕೇಳಿದ.

"ಈಗಲೂ."