ಹೆಸರಿಗಾಗಿ ಹಸಿದ ತಗಡು

"ಆ ತಗಡಿನ ಜೊತೆ ಯಾರ ಹೆಸರೂ ಬರೀಬೇಡ್ರವ್ವಾ. ಅದು ಹೆಸರಿಗೇ ಕಾಯ್ಕೊಂಡು ಕೂತಿರೋದು," ಎಂದಳು ಗುಡ್ಡದ ತಪ್ಪಲಲ್ಲಿ ಕುರಿ ಸಾಕಿಕೊಂಡಿದ್ದ ಟೆಗ್ವೆನ್ ಅಜ್ಜಿ.

ಗುಡ್ಡದ ಮೇಲಿನ ಹಳೆಯ ನಾರ್ಮನ್ ಕೋಟೆಯ ಪಾಳುಬಾವಿಯಿಂದ, ಉತ್ಖನನಕ್ಕೆ ಬಂದಿದ್ದ ಹೆಲೆದ್ ಆಗಷ್ಟೇ ಅದನ್ನು ಎತ್ತಿದ್ದಳು. ಸುರುಳಿ ಸುತ್ತಿ, ನಡುವೆ ಮೊಳೆ ಹೊಡೆದ ಸೀಸದ ತಗಡು. ಕೋಟೆಯ ದೊರೆಸಾನಿ ಸವತಿಯ ಬಾಯಿ ಕಟ್ಟಲು ಮಾಡಿಸಿದ ಮಾಟವಂತೆ. ಸವತಿಯ ಹೆಸರು ಕೊರೆಯುವ ಮೊದಲೇ ದೊರೆಸಾನಿ ಸತ್ತಳಂತೆ. ಎಂಟುನೂರು ವರ್ಷದಿಂದ ಮಾಟ ಹಸಿದೇ ಇದೆಯಂತೆ.

"ಅಜ್ಜೀ, ನಿಮ್ಮ ವೇಲ್ಸ್‌ನಲ್ಲಿ ಕುರಿಗಿಂತ ದೆವ್ವಾನೇ ಜಾಸ್ತಿ ಅನ್ಸತ್ತೆ," ಎಂದು ಮೆರಿಯಲ್ ನಕ್ಕಳು.

ಲಂಡನ್ನಿನಿಂದ ಹೊಸದಾಗಿ ಬಂದವಳು ಅವಳು. ನಗು ತುಟಿಯಲ್ಲಿತ್ತು, ಹೊಟ್ಟೆಯಲ್ಲಿ ಬೆಂಕಿ. ಮೂರು ವಾರ ಮಂಡಿ ಸವೆಸಿ ಅಗೆದರೂ ತನಗೆ ಸಿಕ್ಕಿದ್ದು ಮಡಕೆಚೂರು. ಈ ಹೆಲೆದ್‌ಗೆ ಬಾವಿಗಿಳಿದ ಮೊದಲ ದಿನವೇ ಇಂಥ ವಸ್ತು! ಮುಂದಿನ ವರ್ಷದ ಉತ್ಖನನಕ್ಕೆ ಇವರಿಬ್ಬರಲ್ಲಿ ಒಬ್ಬಳು ಮುಂದಾಳು. ಪೇಟೆಗೆ ಹೋಗಿದ್ದ ಉತ್ಖನನದ ಮುಖ್ಯಸ್ಥ ಪ್ರೋಸರ್ ಸಾಹೇಬರು ಸಂಜೆ ಬಂದು ಆರಿಸುವವರಿದ್ದರು.

ಸಿಕ್ಕ ವಸ್ತುವಿನ ಚೀಲದಲ್ಲಿ ಹುಡುಕಿದವರ ಹೆಸರಿನ ಚೀಟಿ ಇಡುವುದು ಅಲ್ಲಿನ ಪದ್ಧತಿ. ಚೀಟಿಯಲ್ಲಿ ಇದ್ದದ್ದೇ ಕೊನೆಯ ಮಾತು. ಅಜ್ಜಿಯ ಮಾತಿಗೆ ಹೆದರಿ ಹೆಲೆದ್ ಅದನ್ನು ಖಾಲಿ ಬಿಟ್ಟು, ಅಜ್ಜಿಯೊಂದಿಗೆ ಚಹಾಕ್ಕೆ ಇಳಿದಳು. ಮೆರಿಯಲ್ ಪೆನ್ಸಿಲ್ ತೆಗೆದು ತನ್ನ ಹೆಸರು ಬರೆದಳು.

ಮಂಜು ಕೋಟೆಗೋಡೆ ಹತ್ತಿ ಬಂತು. ಬಾವಿಯಿಂದ ಕೊಳೆತ ನೀರಿನ, ಸುಟ್ಟ ಕೂದಲಿನ ವಾಸನೆ. ಒಳಗೆಲ್ಲೋ ಠಣ್. ಯಾರೋ ಮೊಳೆ ಹೊಡೆಯುತ್ತಿದ್ದರು. ಮೆರಿಯಲ್‌ಳ ನಾಲಿಗೆ ತಣ್ಣಗಾಯಿತು. ಮತ್ತೆ ಠಣ್. ಬಾಯಿತುಂಬ ಸೀಸದ ರುಚಿ. ಕೂಗಬೇಕು. ಆಗಲಿಲ್ಲ. ನಾಲಿಗೆ ಏಳಲೇ ಇಲ್ಲ.

ಹೆಲೆದ್ ಜೊತೆ ಹಿಂತಿರುಗಿದ ಅಜ್ಜಿ ಚೀಟಿ ನೋಡಿ ಎದೆ ಹಿಡಿದುಕೊಂಡಳು. "ಅಯ್ಯೋ, ಅಳಿಸೇ ತಾಯಿ! ಮೂರನೇ ಏಟು ಬೀಳೋದ್ರೊಳಗೆ ಅಳಿಸು. ಬರೆದ ಕೈನೇ ಅಳಿಸ್ಬೇಕು!"

ಹೆಲೆದ್ ರಬ್ಬರ್ ಚಾಚಿದಳು. "ಅಳಿಸು ಮೆರಿಯಲ್. ನೀನೇ ಹುಡುಕಿದ್ದು ಅಂತ ನಾನೇ ಸರ್‌ಗೆ ಹೇಳ್ತೀನಿ. ನಂಗೇನೂ ಬೇಡ."

ಹೆಲೆದ್‌ಳ ಕಣ್ಣಲ್ಲಿ ನೀರಿತ್ತು. ಆ ಕನಿಕರವೇ ಮೆರಿಯಲ್‌ಗೆ ಉರಿ ಹತ್ತಿಸಿತು. ಇವಳು ಬಿಸಾಡಿದ್ದನ್ನು ತಾನು ಆಯ್ದುಕೊಳ್ಳಬೇಕೇ? ಚೀಲವನ್ನು ಎದೆಗೆ ಅವುಚಿಕೊಂಡು, ಆಗದೆಂದು ತಲೆಯಾಡಿಸಿದಳು.

ಠಣ್.

ಸಂಜೆ ಪ್ರೋಸರ್ ಸಾಹೇಬರು ಚೀಟಿ ಓದಿ ಕೈಕುಲುಕಿದರು. "ಭಲೇ ಮೆರಿಯಲ್! ಮುಂದಿನ ವರ್ಷ ನೀನೇ ಮುಂದಾಳು. ಹೇಗೆ ಸಿಕ್ತು, ಎಲ್ರಿಗೂ ಹೇಳು."

ಮೆರಿಯಲ್ ಬಾಯಿ ತೆರೆದಳು. ಗಲ್ಲದ ಮೇಲೆ ಕಪ್ಪುನೀರು ಸೋರಿತು. ಸಾಹೇಬರು ಕೈ ಬಿಟ್ಟು ಹಿಂದೆ ಸರಿದರು. ಹೇಗೆ ಸಿಕ್ಕಿತೆಂದು ಹೆಲೆದ್‌ಳೇ ಹೇಳಬೇಕಾಯಿತು. ಎಲ್ಲರೂ ಅವಳ ಕಡೆ ತಿರುಗಿ ಕೇಳಿದರು.