ಮಾಬುಬಿಯ ರಕ್ತದ ಉಪ್ಪು

ಅಥಣಿ ರಸ್ತೆಯಲ್ಲಿ ಕಳ್ಳನೊಬ್ಬ ಸೀನಿದರೆ ಸಾಕು, ಬಬಲೇಶ್ವರ ಠಾಣೆಯಲ್ಲಿ ಕುಳಿತ ಹೆಡ್ ಕಾನ್‌ಸ್ಟೇಬಲ್ ಭೀಮಾಶಂಕರ ಅವನ ಹೆಸರು, ಅವರಪ್ಪನ ಹೆಸರು, ಮುಂಜಾನೆ ತಿಂದ ಪಲ್ಯ, ಮೂರನ್ನೂ ಮೂಸಿ ಹೇಳಿಬಿಡುತ್ತಿದ್ದ. ಅವನ ಮೂಗಿಗೆ ಹೆದರಿ ಮೂರು ತಾಲೂಕಿನ ಕಳ್ಳರು ಅತ್ತರು ಹಚ್ಚಿಕೊಳ್ಳುವುದನ್ನೇ ಬಿಟ್ಟಿದ್ದರು.

ಸೋಮವಾರ ಬೆಳಿಗ್ಗೆ 10.40ಕ್ಕೆ ಅತೀಕ ಎಂಬ ರೈತ ಠಾಣೆಗೆ ಓಡಿ ಬಂದ.

"ನಮ್ಮವ್ವ ಮಾಬುಬಿಗೆ ಎಚ್ಚರಿಲ್ರಿ. ವಿಜಯಪುರ ದವಾಖಾನ್ಯಾಗ ಹಾಕೇವಿ. ನನ್ನ ತಮ್ಮನ ಹೇಣ್ತಿ ಅಂಜುಮ ಏನೋ ವಿಷಾ ಹಾಕ್ಯಾಳ."

"ನೋಡೀಯೇನು?" ಎಂದರು ಇನ್‌ಸ್ಪೆಕ್ಟರ್ ನಿರ್ಮಲಾ.

"ಅಡಗಿ ಮಾಡಾಕಿ ಅಕೀನ ರಿ. ಮತ್ಯಾರು ಹಾಕ್ತಾರ?"

ಎಫ್‌ಐಆರ್ ದಾಖಲಾಯಿತು. ಅಂಜುಮಳನ್ನು ಠಾಣೆಗೆ ಕರೆತಂದು ಕೂರಿಸಿದರು. ಮಧ್ಯಾಹ್ನ 1.30ಕ್ಕೆ ನಿರ್ಮಲಾ ಮತ್ತು ಭೀಮಾಶಂಕರ ದವಾಖಾನೆಯಲ್ಲಿ ಡಾಕ್ಟರ್ ತಬಸ್ಸುಮ ಅವರ ಮುಂದಿದ್ದರು.

"ವಿಷ ಅಲ್ರಿ. ರಕ್ತದಾಗ ಸೋಡಿಯಂ ನೂರಾ ಹದಿನಾಲ್ಕಕ್ಕ ಇಳದೈತಿ. ನೂರಾ ಮೂವತ್ತೈದರ ಮ್ಯಾಲ ಇರಬೇಕು."

"ಹೆಂಗ ಇಳೀತು?"

"ಕಿಡ್ನಿ ಉಪ್ಪನ್ನ ಸೋಸಿ, ಬೇಕಾದಷ್ಟು ತಿರುಗಿ ಒಳಗ ಎಳಕೋತೈತಿ. ಅಜ್ಜಿ ತಗೊಳ್ಳೂ ಬಿಪಿ ಗುಳಗಿ ಆ ಎಳಕೊಳ್ಳೂ ಬಾಗಲಾ ಒಂದೀಟು ಮುಚ್ಚತೈತಿ. ಉಪ್ಪು ಮೂತ್ರದಾಗ ಹೋಗತೈತಿ, ಅದರ ಬೆನ್ನ ಹತ್ತಿ ನೀರೂ ಹೋಗತೈತಿ, ಬಿಪಿ ಇಳೀತೈತಿ. ದಿನಕ್ಕ ಒಂದಾದ್ರ ಬಂಗಾರದಂಥ ಔಷಧ. ಡಬಲ್ ತಗೊಂಡು, ಸಪ್ಪನ ಊಟ ಉಂಡು, ಕೊಡಗಟ್ಟಲೆ ನೀರು ಕುಡದ್ರ ಹಿಂಗ. ಮೊದಲ ಘಳಿಗಿಗೊಮ್ಮೆ ಮೂತ್ರ, ಮೀನಖಂಡ ಹಿಡಿಯೂದು, ಆಮ್ಯಾಲ ಎಚ್ಚರ ತಪ್ಪೂದು."

ಮೂರು ತಾಲೂಕು ನಡುಗಿಸಿದ ಭೀಮಾಶಂಕರ ಮೆಲ್ಲಗೆ ತನ್ನ ಮೀನಖಂಡ ನೀವಿಕೊಂಡ.

ಸಂಜೆ 4 ಗಂಟೆಗೆ ಮನೆಯ ಪಂಚನಾಮೆ ನಡೆಯಿತು. ಗುಳಿಗೆಯ ಪಟ್ಟಿ ಒಂದೇ ಸಿಕ್ಕಿತು. ಎಣಿಸಿದರೆ ದಿನಕ್ಕೊಂದರ ಲೆಕ್ಕವೂ ಸರಿ; ಡಬಲ್ ಆಗಿದ್ದು ಅದರಿಂದಲ್ಲ. ಠಾಣೆಗೆ ಮರಳಿ ನಿರ್ಮಲಾ ಅಂಜುಮಳನ್ನು ಕೇಳಿದರು: "ಉಪ್ಪು ಯಾಕ ಹಾಕತಿದ್ದಿಲ್ಲ?"

"ಡಾಕ್ಟರ್ ಉಪ್ಪು ಕಡಿಮಿ ಮಾಡ್ರಿ ಅಂದಿದ್ರು. ನಾ ಪೂರ್ತಿ ಬಿಡಿಸಿದ್ನಿರಿ. ಅಕಿ ಜೋಡಿ ನಾನೂ ಆರು ತಿಂಗಳಿಂದ ಸಪ್ಪನ ಉಣ್ಣಾಕತ್ತೇನಿ," ಎಂದಳು ಅಂಜುಮ. ಅಳಲಿಲ್ಲ. "ನಾಳೆ ನನ್ನ ಜೇಲಿಗೆ ಹಾಕ್ತೀರೇನ್ರಿ?"

ಭೀಮಾಶಂಕರ ಕಿಟಕಿಯ ಕಡೆ ನೋಡುತ್ತಿದ್ದ. ಆರು ಗಂಟೆಗೆ, ಬೆಳಿಗ್ಗೆ ಮತ್ತೆ ಬರಬೇಕೆಂದು ಹೇಳಿ ಅವಳನ್ನು ಮನೆಗೆ ಕಳಿಸಿದರು.

ಮಂಗಳವಾರ 9 ಗಂಟೆಗೆ ಅವನು ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಒಂದು ಪೊಟ್ಟಣ ಇಟ್ಟ. "ಮಾಬುಬಿ ಮನಿ ಹಿತ್ತಲದಾಗ ಮೂರು ಮೊಳ ಮಣ್ಣಿನ ಕೆಳಗ ಹುಗದಿದ್ರು ಮೇಡಂ. ಬೀದ್ಯಾಗ ನಿಂತ ಮೂಸಿದೆ. ಬಿಪಿ ಪುಡಿ. ತಿಕೋಟಾದಾಗ ಗಿಡದ ಔಷಧ ಮಾರೂ ಅಮಸಿದ್ದಂದು."

ನಿರ್ಮಲಾ ಮೆಚ್ಚಿ ತಲೆದೂಗಿದರು. ಇಂಥ ಹೆಡ್ ಇರುವಾಗ ನಾಯಿಪಡೆ ಯಾಕೆ ಎಂದೂ ಅಂದರು. ಠಾಣೆಯ ಛಾವಣಿ ಎರಡು ಅಂಗುಲ ಮೇಲೇರಿತು.

11.50ಕ್ಕೆ ತಿಕೋಟಾದಲ್ಲಿ, ಪಂಚರ ಎದುರು, ಅಮಸಿದ್ದನ ಮನೆಯಿಂದ ನೆಲ್ಲಿಕಾಯಿ ಪುಡಿಯ ಡಬ್ಬಿ, ಮಿಕ್ಸರ್, ಬರಿದಾದ ನೂರಾರು ಗುಳಿಗೆ ಪಟ್ಟಿ ಜಪ್ತಿಯಾದವು. ಮಾಬುಬಿ ನುಂಗುತ್ತಿದ್ದುದೂ ಅದೇ ಗುಳಿಗೆ. ಅಮಸಿದ್ದನನ್ನು ಬಂಧಿಸಿದರು. ಅವನು ಜಗಳಾಡಲಿಲ್ಲ.

"ಪುಡ್ಯಾಗ ಗುಳಗಿ ಯಾಕ ಕಲಸಿದಿ?" ಎಂದರು ನಿರ್ಮಲಾ.

"ನಮ್ಮಪ್ಪ ಇಂಗ್ಲಿಷ್ ಗುಳಗಿ ಮುಟ್ಟಲೇ ಇಲ್ರಿ. ಗಿಡದ ಔಷಧ ತಾ, ತಿಂತೇನಿ ಅಂದ. ಲಕ್ವಾ ಹೊಡದು ಹ್ವಾದ. ಅಂಥಾ ಹಟದ ಮಂದಿ ಊರ ತುಂಬ ಅದಾರ. ಅವರ ಹೊಟ್ಟಿಗೆ ಗುಳಗಿ ಹೋಗಲಿ ಅಂತ ಪುಡಿ ಮಾಡಿದೆ. ಆಗಲೇ ಗುಳಗಿ ತಗೊಳ್ಳೂರೂ ಪುಡಿ ತಿಂತಾರಂತ ಹೊಳೀಲಿಲ್ಲ."

ಫೋನ್ ಬಂತು: ಮಾಬುಬಿ ಕಣ್ಣು ತೆರೆದಿದ್ದಳು, ಅಂಜುಮಳನ್ನೇ ಕೇಳುತ್ತಿದ್ದಳು.

"ಮಾಬುಬಿಗೆ ಪುಡಿ ಯಾವಾಗ ಕೊಟ್ಟಿ?" ನಿರ್ಮಲಾ ಬರೆದುಕೊಳ್ಳುತ್ತಲೇ ಕೇಳಿದರು.

"ಯಾವ ಮಾಬುಬಿ ರಿ? ಬಬಲೇಶ್ವರದಾಗ ನನ್ನ ಗಿರಾಕಿ ಒಬ್ಬರ. ಈ ಹೆಡ್ ಸಾಹೇಬ್ರು."

ಪೆನ್ನು ನಿಂತಿತು.

"ಮೂಸಿದ್ದೂ ಸುಳ್ಳು, ಮಣ್ಣೂ ಸುಳ್ಳು ಮೇಡಂ," ಎಂದ ಭೀಮಾಶಂಕರ. ಧ್ವನಿ ಅವನದಲ್ಲವೇನೋ ಎಂಬಷ್ಟು ಸಣ್ಣಗಿತ್ತು. "ಪೊಟ್ಟಣ ನನ್ನ ಕಿಸೆದಾಗಿತ್ತು. ನನಗ ಬಿಪಿ ಐತಿ, ಯಾರಿಗೂ ಹೇಳಿದ್ದಿಲ್ಲ. ಮಾಬುಬಿ ಕಾಕಿಗೆ ಪುಡಿ ಕೊಟ್ಟಾಂವ ನಾನ. ಚೊಲೋ ಆಗಲಿ ಅಂತ ಕೊಟ್ಟೆ ರಿ."

"ಇದರಿಂದನ ಆಗೇತಿ ಅಂತ ನಿಮಗ ಗೊತ್ತಾಗಿದ್ದು ಯಾವಾಗ?"

"ನಿನ್ನೆ ಮಧ್ಯಾಹ್ನ ರಿ. ಡಾಕ್ಟರ್ ಹೇಳಿದಾಗ."

"ಅಂಜುಮ ಆರು ಗಂಟೆತನಕ ನಿಮ್ಮೆದುರಿಗೆ ಕುಂತಿದ್ಲು."

ನಿರ್ಮಲಾ ಹೇಳಿಕೆಗೆಂದು ಹೊಸ ಹಾಳೆ ತೆಗೆದು ಅವನ ಮುಂದೆ ಸರಿಸಿದರು.

"ವೇಳೆ ಹಾಕಿ ಬರೀರಿ."